ಅರ್ಧ ಮೊಟ್ಟೆಯ ಬಜೆಟ್

"ಅಕ್ಕಾ, ನಂಗೆ ಎಂಟು ದೋಸೆ ಬೇಕು ಅಂತೀನಿ, ನೋಡ್ತಿರು!" ಎಂದು ವಿರೂಪಾಕ್ಷ ಎಂಟು ದೋಸೆಯ ತಟ್ಟೆಯನ್ನು ತನ್ನ ಹೊಸ ಯಂತ್ರದ ಮುಂದಿಟ್ಟ. ಬುಸ್ಸೆಂದಿತು. ತಟ್ಟೆಯಲ್ಲಿ ಉಳಿದದ್ದು ನಾಲ್ಕೇ ದೋಸೆ!

"ನಿಜವಾಗ್ಲೂ ಬೇಕಿದ್ದದ್ದು ನಾಲ್ಕೇ!" ಎಂದು ಎದೆಯುಬ್ಬಿಸಿದ.

ಅಕ್ಕ ಶರ್ವಾಣಿಗೆ ಖುಷಿಯೋ ಖುಷಿ. ಬಜೆಟ್ ಕಚೇರಿಯ ಅರ್ಥಶಾಸ್ತ್ರಜ್ಞೆ ಅವಳು. ಇಲಾಖೆಯವರು ದುಪ್ಪಟ್ಟು ಕೇಳುವುದು, ಇವಳು ಕಣ್ಣುಮುಚ್ಚಿ ಅರ್ಧ ಕತ್ತರಿಸುವುದು, ನೌಕರಿ ಪೂರ್ತಿ ಇದೇ ಆಟ! ತಮ್ಮ ಅವಳ ಹಳೆಯ ಕಡತಗಳನ್ನೆಲ್ಲ ಯಂತ್ರಕ್ಕೆ ಓದಿಸಿದ್ದ. ಅವಳಿಗಿದ್ದ ಆಸೆ ಒಂದೇ, ಅಂಗನವಾಡಿ ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ. ಕಾರ್ಯದರ್ಶಿ ಹಾಲಪ್ಪನವರು ಪ್ರತಿವರ್ಷವೂ ಹುರಿಮೀಸೆ ತಿರುವಿ, "ಮುಂದಿನ ಬಜೆಟ್‌ನಲ್ಲಿ ನೋಡೋಣಮ್ಮ" ಎಂದು ಸಾಗಹಾಕುತ್ತಿದ್ದರು. ಬೇರೆ ಖರ್ಚು ತಗ್ಗಿದರೆ ಮೊಟ್ಟೆಗೆ ದಾರಿಯಾದೀತೆಂದು ಅಕ್ಕ ತಮ್ಮ ಇಬ್ಬರೂ ಯಂತ್ರ ಹೊತ್ತು ಹಾಲಪ್ಪನವರ ಕೋಣೆಯಲ್ಲಿದ್ದ ಸಭೆಗೆ ನಡೆದರು.

ರಸ್ತೆ ಇಲಾಖೆಯ ಎಂಜಿನಿಯರು ನಕ್ಷೆ ಹಾಸಿ, "ಇಷ್ಟುದ್ದ ರಸ್ತೆ ಬೇಕು" ಎಂದರು. ಬುಸ್! ನಕ್ಷೆಯಲ್ಲಿ ಅರ್ಧ ರಸ್ತೆ ಮಾಯ!

"ಇರ್ಲಿ ಬಿಡಿ, ನಡೆಯತ್ತೆ" ಎಂದು ಅವರು ತಣ್ಣಗೆ ಕೂತರು.

"ಭೇಷ್!" ಹಾಲಪ್ಪನವರು ಮೇಜು ಗುದ್ದಿದರು. "ಇವತ್ತು ಯಂತ್ರ ಕೊಟ್ಟದ್ದೇ ಕೊನೆ. ನಾನೂ ಬದಲಾಯಿಸಲ್ಲ!"

ಶರ್ವಾಣಿ ಚೀಲದಿಂದ ಮೊಟ್ಟೆಯೊಂದನ್ನು ತೆಗೆದಿಟ್ಟಳು. "ಮಗುವಿಗೆ ದಿನಕ್ಕೆ ಒಂದು ಮೊಟ್ಟೆ ಬೇಕು."

ಬುಸ್! ಉಳಿದದ್ದು ಅರ್ಧ ಚಿಪ್ಪು. ಲೋಳೆ ಹಾಲಪ್ಪನವರ ಕಾಗದದ ಮೇಲೆಲ್ಲ ಹರಿಯಿತು.

"ಅರ್ಧ ಮೊಟ್ಟೆ ಮಂಜೂರು!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು.

"ಲೋ, ಇದೇನೋ ಮಾಡಿಟ್ಟಿದ್ದೀಯ?" ಶರ್ವಾಣಿ ತಮ್ಮನತ್ತ ತಿರುಗಿದಳು.

"ಒಂದೇ ಕೇಳಿದ್ಯಾ? ನಿನ್ನ ಕಡತ ಓದಿ ಕಲಿತ ಯಂತ್ರದ ಹತ್ರ? ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಏನಕ್ಕಾ ಕಲಿತೆ!"

ಅಯ್ಯೋ, ಹೌದಲ್ಲ! ಅಳು ಬರುವ ಬದಲು ನಗು ಬಂತು. ಗಬಕ್ಕನೆ ಇನ್ನೆರಡು ಮೊಟ್ಟೆ ಇಟ್ಟು ಕೂಗಿದಳು: "ದಿನಕ್ಕೆ ಎರಡು ಬೇಕು!"

ಬುಸ್! ಒಂದು ಮಾಯವಾಯಿತು. ಇನ್ನೊಂದು ಗುಂಡಗೆ ಉಳಿಯಿತು!

"ಯಂತ್ರ ಕೊಟ್ಟದ್ದೇ ಕೊನೆ ಅಂದಿದ್ರಲ್ಲ ಸಾರ್?"

ಸಭೆಯೆಲ್ಲ ಚಪ್ಪಾಳೆ! ಹಾಲಪ್ಪನವರು ಹಲ್ಲು ಕಚ್ಚಿ ಸಹಿ ಹಾಕಿದರು. ಆಮೇಲೆ ಯಂತ್ರದ ಮುಂದೆ ಬಗ್ಗಿ ಗುಡುಗಿದರು, "ಈ ದರಿದ್ರದ್ದು ಇನ್ಮೇಲೆ ನನ್ನ ಕೋಣೆಯಲ್ಲೇ ಇರಬೇಕು!"

"ಸಾರ್, ಅದರ ಮುಂದೆ ಬೇಕು ಅನ್ಬೇಡಿ!" ಎಂದು ವಿರೂಪಾಕ್ಷ ಓಡಿಬಂದ. ಅಷ್ಟರಲ್ಲೇ ಬುಸ್! ಮೇಜು ಅರ್ಧವಾಯಿತು, ಕುರ್ಚಿ ಎರಡು ಕಾಲಲ್ಲಿ ವಾಲಿ ಅವರನ್ನು ನೆಲಕ್ಕೆ ಕೆಡವಿತು, ಹುರಿಮೀಸೆಯ ಎಡಗಡೆ ನುಣ್ಣಗಾಯಿತು. ಕೊನೆಗೆ ಯಂತ್ರ ತನ್ನನ್ನೇ ಅರ್ಧ ಮಾಡಿಕೊಂಡು ಕೆಟ್ಟು ಕೂತಿತು.

"ರೀ ಶರ್ವಾಣಿ, ನನ್ನ ಇನ್ನರ್ಧ ಮೀಸೆ!" ಎಂದು ಹಾಲಪ್ಪನವರು ನೆಲದಿಂದಲೇ ಬೊಬ್ಬೆ ಹಾಕಿದರು.

ಶರ್ವಾಣಿ ಸಹಿಯಾದ ಹಾಳೆಯನ್ನು ಜೋಪಾನವಾಗಿ ಮಡಚಿಕೊಂಡಳು.

"ಮುಂದಿನ ಬಜೆಟ್‌ನಲ್ಲಿ ನೋಡೋಣ ಸಾರ್."