ಹದಿನಾಲ್ಕು ಜನರ ಒಂದೇ ಅಭಿಪ್ರಾಯ

ಮನೋವೈದ್ಯ ವಿಭಾಗದಲ್ಲಿ ಗಲಿಬಿಲಿಯಾಗುವುದು ರೋಗಿಗಳಿಗೆ ಮಾತ್ರ ಎಂದು ಹೊರಗಿನವರು ತಿಳಿದಿರುತ್ತಾರೆ. ನವಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಪಾಠ ಮಾಡಿದ ನನಗೆ ಹಾಗೆ ಹೇಳುವ ಧೈರ್ಯವಿಲ್ಲ.

ಸಹಿ

ಎರಡು ಸಾವಿರದ ಹತ್ತರ ದಶಕದ ಕೊನೆ. ವಿಜಯಪುರದ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಎಂ.ಡಿ. ಮಾಡುತ್ತಿದ್ದಳು. ಎಲ್‌ಎಸ್‌ಡಿ, ಅಣಬೆಯ ಸತ್ವದಂಥ ಭ್ರಮೆ ಹುಟ್ಟಿಸುವ ಪದಾರ್ಥ ಕೊಟ್ಟು ಮಾನಸಿಕ ಚಿಕಿತ್ಸೆ ಮಾಡಬಹುದೇ? ಈ ಬಗ್ಗೆ ಮನೋವೈದ್ಯರಾಗಲು ಕಲಿಯುತ್ತಿರುವವರ ಅಭಿಪ್ರಾಯವೇನು? ಇದು ಅವಳ ಪ್ರಬಂಧ. ಅದು ಒಪ್ಪಿಗೆಯಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಕೆಲಸವೇನೋ ಸಣ್ಣದು: ವಿಭಾಗದಲ್ಲಿ ಅವಳ ಜೊತೆ ಕಲಿಯುತ್ತಿದ್ದ ಹದಿನಾಲ್ಕು ಡಾಕ್ಟರರಿಂದ ಪ್ರಶ್ನಾವಳಿ ತುಂಬಿಸಬೇಕು.

ಸಂಶೋಧನೆಗೆ ಅನುಮತಿ ಕೊಡುವ ಸಮಿತಿಯ ಹಿರಿಯರು ಕೇಳಿದರು: "ಔಷಧಿ ಯಾರಿಗೆ ಕೊಡ್ತೀಯಮ್ಮಾ?"

"ಯಾರಿಗೂ ಇಲ್ಲ ಸರ್, ಬರೀ ಪ್ರಶ್ನೆ."

"ಮನೋವಿಭಾಗದ್ದಲ್ವಾ? ಸಂಬಂಧಿಕರ ಸಹಿ ಬೇಕೇ ಬೇಕು."

ಆ ನಿಯಮ ರೋಗಿಗಳಿಗೆ. ವಾದಿಸಿದರೆ ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಹದಿನಾಲ್ಕು ಡಾಕ್ಟರರೂ ಮನೆಯವರ ಸಹಿ ತಂದರು. ಡೊಂಬಿವಲಿಯ ಹುಡುಗನ ತಾಯಿ ಸಹಿಯ ಕೆಳಗೆ ಮರಾಠಿಯಲ್ಲಿ ಬರೆದಿದ್ದರು: "ಇವನು ಚಿಕ್ಕಂದಿನಿಂದಲೂ ಹೀಗೇ. ದಯವಿಟ್ಟು ಗುಣಪಡಿಸಿ."

ಉತ್ತರ

ಎರಡೇ ದಿನದಲ್ಲಿ ಪ್ರಶ್ನಾವಳಿಗಳು ಮರಳಿದವು. ಎಲ್ಲರ ಉತ್ತರವೂ ಒಂದೇ. ಅಷ್ಟೇ ಅಲ್ಲ, ಹಾಳೆಗಳ ಪ್ರಕಾರ ಹದಿನಾಲ್ಕು ಜನರೂ ಇಪ್ಪತ್ತೇಳು ವರ್ಷದ ಹೆಂಗಸರು.

ಕಲ್ಯಾಣದಲ್ಲಿ ಬಾಡಿಗೆಗಿದ್ದ ಬೆಂಗಳೂರಿನ ಗಡ್ಡದ ಹುಡುಗನನ್ನು ಕರೆಸಿದೆ.

"ಏನಯ್ಯಾ ಇದು?"

"ಸರ್, ಗೋಲ್ಡ್ ಮೆಡಲ್ ಸೀನಿಯರ್ ಮೇಡಂ ಇದಾರಲ್ಲ, ಅವರದ್ದು ನೋಡಿ ಬರೆದ್ವಿ."

"ಇದು ಪರೀಕ್ಷೆಯಲ್ಲ ಕಣಯ್ಯಾ, ಅಭಿಪ್ರಾಯ."

"ಅದಕ್ಕೇ ಸರ್. ಪರೀಕ್ಷೆಯಾಗಿದ್ರೆ ನಾನೇ ಬರೀತಿದ್ದೆ."

ಕೆಮ್ಮು

ಮತ್ತೆ ಹೊಸ ಹಾಳೆಗಳು. ಈ ಸಲ ಒಬ್ಬೊಬ್ಬರಾಗಿ ನನ್ನ ಕೋಣೆಯಲ್ಲೇ. ನಾನು ದಿನಪತ್ರಿಕೆ ಓದುತ್ತಿದ್ದೆ. ಮೊದಲನೆಯವನು ಪ್ರತಿ ಪ್ರಶ್ನೆಗೂ ತಲೆಯೆತ್ತಿ ನನ್ನ ಮುಖ ನೋಡಿದ. ನನಗೆ ಕೆಮ್ಮು ಬಂತು. ಅವನು ಥಟ್ಟನೆ 'ವಿರೋಧವಿದೆ' ಎಂದು ಗುರುತು ಹಾಕಿದ. ಆಮೇಲೆ ನಾನು ಕೆಮ್ಮನ್ನು ತಡೆದುಕೊಂಡೆ. ಉಳಿದ ಹದಿಮೂರು ಜನ 'ಹೇಳಲಾಗದು' ಎಂದರು.

ಹುಡುಗಿ ಲೆಕ್ಕ ಹಾಕಿ ನೊಂದುಕೊಂಡಳು. "ಸರ್, ನೀವು ಕೆಮ್ಮಿದ್ದಕ್ಕ ಒಬ್ಬ ವಿರೋಧ ಆಗ್ಯಾನ್ರೀ. ಇದನ್ನ ಟೇಬಲ್‌ನ್ಯಾಗ ಎಲ್ಲಿ ಹಾಕ್ಲಿ?"

ತೀರ್ಪು

ಪ್ರಬಂಧ ನೋಡಲು ಥಾಣೆಯಿಂದ ಬಂದ ಪರೀಕ್ಷಕರು ಉಡುಪಿ ಕಡೆಯವರು.

"ಹದಿಮೂರು ಜನ ಹೇಳಲಾಗದು ಅಂದ್ರೆ ನಿಮ್ಮ ತೀರ್ಮಾನ ಎಂಥದು ಮಾರಾಯ್ರೆ?"

"ಎಲ್ಲಾರೂ ದೊಡ್ಡವ್ರ ಮುಖ ನೋಡಾಕತ್ತಾರ್ರೀ ಸರ್."

ಅವಳನ್ನು ಹೊರಗೆ ಕಳಿಸಿದೆವು. ಪ್ರಬಂಧ ಒಪ್ಪಬಹುದೇ ಎಂದು ನಾವಿಬ್ಬರೂ ಬೇರೆಬೇರೆಯಾಗಿ ಬರೆಯಬೇಕು. ನಾನು ಪೆನ್ನು ಹಿಡಿದು, ಕನ್ನಡಕದ ಅಂಚಿನಿಂದ ಅವರ ಹಾಳೆ ನೋಡಿದೆ. ಖಾಲಿ. ಅವರು ನನ್ನ ಹಾಳೆ ನೋಡುತ್ತಿದ್ದರು.

ಬಾಗಿಲು ತುಸು ತೆರೆದು ಹುಡುಗಿ ಇಣುಕಿದಳು. "ಸರ್, ಇಬ್ರೂ ಕೂಡಿ 'ಹೇಳಲಾಗದು' ಅಂತ ಮಾತ್ರ ಬರೀಬ್ಯಾಡ್ರೀ!"

ಇಬ್ಬರೂ ಒಟ್ಟಿಗೇ 'ಒಪ್ಪಬಹುದು' ಎಂದು ಬರೆದೆವು. ಯಾರು ಯಾರದ್ದನ್ನು ನೋಡಿ ಬರೆದೆವೋ, ಹೇಳಲಾಗದು.