ಎತ್ತರಕ್ಕೆ ಹೆದರುವ ಸೇಫ್ಟಿ ಆಫೀಸರು

ಸೇಫ್ಟಿ ಆಫೀಸರ್ ಎಂಬ ಫಲಕದ ಹಿಂದೆ ಇಪ್ಪತ್ತು ವರ್ಷ ಕುಳಿತವನು ಎತ್ತರಕ್ಕೆ ಹೆದರುತ್ತಾನೆಂದರೆ ಯಾರೂ ನಂಬುವುದಿಲ್ಲ. ನಂಬಿಬಿಟ್ಟರೆ ನನ್ನ ಗತಿ ಏನು ಎಂಬುದೇ ನನ್ನ ಚಿಂತೆಯಾಗಿತ್ತು. ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಅಟ್ಟದಿಂದ ಹಪ್ಪಳದ ಡಬ್ಬಿ ಇಳಿಸುವ ಪ್ರಸಂಗ ಬಂದಾಗಲೆಲ್ಲ ನನಗೆ ಮೊಣಕಾಲು ನೋವು. "ಸ್ಟೂಲ್ ನೋಡಿದ ಕೂಡ್ಲೇ ನೋಯತೈತಲ್ರಿ ನಿಮ್ಮ ಮೊಣಕಾಲು!" ಎಂದು ಹೆಂಡತಿ ಸುಶೀಲಾ ತಾನೇ ಹತ್ತುತ್ತಾಳೆ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಮಾತ್ರ ನಾನು ಹುಲಿ. ಹಲಗೆಯ ಮೇಲೆ ಚಿತ್ರ ಬರೆದು ಪಾಠ ಹೇಳುತ್ತೇನೆ: ನಿಂತಲ್ಲೇ ನಿಲ್ಲುವ ಟವರ್ ಕ್ರೇನು, ಲಾರಿಯ ಬೆನ್ನೇರಿ ತಿರುಗುವ ಕ್ರೇನು, ಕತ್ತರಿಯ ಹಾಗೆ ಬಿಚ್ಚಿಕೊಂಡು ನೆಟ್ಟಗೆ ಏರುವ ಸಿಸರ್ ಲಿಫ್ಟು, ಉದ್ದ ತೋಳಿನ ತುದಿಗೆ ಮನುಷ್ಯರ ಬುಟ್ಟಿ ಹೊತ್ತ ಬೂಮ್ ಲಿಫ್ಟು. ಸೀಮೆಸುಣ್ಣದಲ್ಲಿ ನಾನು ಎಷ್ಟೆತ್ತರ ಬೇಕಾದರೂ ಹೋಗಬಲ್ಲೆ.

ನಿಯಮಗಳೂ ನನ್ನವೇ. ಹೊಸ ಯಂತ್ರ ಬಂದರೆ ಮೊದಲು ಸೇಫ್ಟಿ ಆಫೀಸರು ಹತ್ತಿ ನೋಡಬೇಕು. ಎತ್ತರದ ಕೆಲಸಕ್ಕೆ ಕಟ್ಟುವ ಸೇಫ್ಟಿ ಬೆಲ್ಟಿನ ಕೊಂಡಿಯನ್ನು ತಪ್ಪು ಜಾಗಕ್ಕೆ ಸಿಕ್ಕಿಸಿದವನು ಮರುದಿನ ಬೆಳಗಿನ ಸಭೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಬರೀ ಏಣಿಗಳಿದ್ದ ಕಾಲದಲ್ಲಿ, ಎರಡು ಮೆಟ್ಟಿಲು ಹತ್ತಿ ಇಳಿದು ಸಹಿ ಹಾಕುತ್ತಿದ್ದ ಧೈರ್ಯದಲ್ಲಿ ಬರೆದ ನಿಯಮಗಳವು. ಹೀಗಾಗಿ ಟ್ಯಾಂಕಿಗೆ ಬಣ್ಣ ಬಳಿಯಲೆಂದು ಬೂಮ್ ಲಿಫ್ಟು ಬಾಡಿಗೆಗೆ ಬಂದ ದಿನ ಮೊದಲು ಹತ್ತುವ ಸರದಿ ನನ್ನದೇ ಆಯಿತು. ಲಿಫ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು, ಕಾಯಿ ಒಡೆದದ್ದಾಯಿತು. ಚಾಲಕ ಖಾಜಾಭಾಯಿ ಬುಟ್ಟಿಯ ಬಾಗಿಲು ತೆರೆದು, "ಆವೋ ಸಾಬ್, ಪೆಹಲೆ ಆಪ್" ಎಂದ. ನಲವತ್ತು ಜನ ನೋಡುತ್ತಿದ್ದರು.

ನೆಲ ಬಿಟ್ಟದ್ದಷ್ಟೇ ನೆನಪಿದೆ, ಆಮೇಲೆ ಕಣ್ಣು ಮುಚ್ಚಿಕೊಂಡಿದ್ದೆ. ಬುಟ್ಟಿ ಒಮ್ಮೆ ತೂಗಿದ್ದೇ ತಡ, "ಬಸ್, ಬಸ್!" ಎಂದೆ. "ಡರೋ ನಕ್ಕೋ ಸಾಬ್," ಎಂದು ಧೈರ್ಯ ಹೇಳಿದ ಖಾಜಾಭಾಯಿ, ದನಿ ತಗ್ಗಿಸಿ, "ಲೇಕಿನ್ ಆಪ್ಕಾ ಹುಕ್ ಮೇರೆ ಬೆಲ್ಟ್ ಕೋ ಲಗಾ ಹೈ." ಕಣ್ಣು ತೆರೆದು ನೋಡಿದರೆ, ಹೌದು! ಬುಟ್ಟಿಯ ಕಂಬಿಗೆ ಹಾಕಬೇಕಾದ ಕೊಂಡಿಯನ್ನು ಅವನ ಸೊಂಟಕ್ಕೆ ಹಾಕಿದ್ದೆ. ಹೆದರಿದ ಕೈಗೆ ಕಬ್ಬಿಣಕ್ಕಿಂತ ಮನುಷ್ಯನೇ ಗಟ್ಟಿ ಎನಿಸಿರಬೇಕು. ಬಿದ್ದಿದ್ದರೆ ಆ ಬಡಪಾಯಿಯನ್ನೂ ಎಳೆದುಕೊಂಡೇ ಬೀಳುತ್ತಿದ್ದೆ. ಯಾರಿಗೂ ಹೇಳುವುದಿಲ್ಲವೆಂದು ಅವನು ಮಾತು ಕೊಟ್ಟ.

ಮನೆಗೆ ಬಂದು ಸುಶೀಲಾಗೆ ಹೇಳಿದೆ. ಆಕೆ ನಗಲಿಲ್ಲ. "ಹೋದ ತಿಂಗಳ ಇದಽ ತಪ್ಪಿಗೆ ಆ ಬಣ್ಣದ ಬಸಪ್ಪನ್ನ ಮಂದಿ ಮುಂದ ನಿಲ್ಲಿಸಿದ್ರಿ. ನಾಳೆ ಆ ಬುಟ್ಯಾಗ ಹತ್ತಾಂವ ಅವನಽ. ಅಂವ ಮತ್ತ ಹಂಗ ಹಾಕ್ಕೊಂಡ್ರ?" ಎಂದಳು.

ಬೆಳಗಿನ ಸಭೆಯಲ್ಲಿ "ನಿನ್ನೆ ಒಬ್ಬರು ಕೊಂಡಿಯನ್ನು ಚಾಲಕನ ಬೆಲ್ಟಿಗೆ ಹಾಕಿ..." ಎಂದು ಶುರು ಮಾಡಿದೆ. ಖಾಜಾಭಾಯಿ ಆಕಾಶ ನೋಡತೊಡಗಿದ. ತಡೆಯಲಾರದೆ "ನಾನೇ" ಎಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಬಸಪ್ಪನೊಬ್ಬ ನಗದೆ, "ಭಾಳ ಹೆದರಿಕಿ ಆತೇನ್ರಿ ಸರ? ನನಗೂ ಹಂಗಽ ಆಗತೈತ್ರಿ, ಕೈಗೆ ಏನೂ ತಿಳಿಯಂಗಿಲ್ಲ" ಎಂದ. ಹೋದ ತಿಂಗಳು ನಾನು ಅವನನ್ನು ಬೈದಿದ್ದೆ, ಏಕೆ ಹೀಗಾಯಿತೆಂದು ಕೇಳಿರಲಿಲ್ಲ. ನಾಚಿಕೆಯಾಯಿತು. ಅಂದು ಅವನ ಕೊಂಡಿಯನ್ನು ನಾನೇ ಕಂಬಿಗೆ ಸಿಕ್ಕಿಸಿ, ಮೂರು ಸಲ ಜಗ್ಗಿ ನೋಡಿ ಕಳಿಸಿದೆ.

ಸಂಜೆ ಸುಶೀಲಾ ಹಪ್ಪಳದ ಡಬ್ಬಿಗೆಂದು ಸ್ಟೂಲ್ ಎಳೆದಳು. ನಾನು ಮೊಣಕಾಲಿನ ಮಾತೆತ್ತಲಿಲ್ಲ. "ಖರೇ ಹೇಳ್ತೀನಿ, ನನಗ ಹೆದರಿಕಿ" ಎಂದೆ.

"ಅದು ಲಗ್ನ ಆದ ವರ್ಷಽ ಗೊತ್ತಾಗೇತ್ರಿ. ಸ್ಟೂಲ್ ಗಟ್ಟಿ ಹಿಡೀರಿ," ಎಂದು ಆಕೆ ಹತ್ತಿದಳು.