ಹಾಲ್‌ನ ಮೇಜು ಮತ್ತು ಹಠಮಾರಿ ಎಂಜಿನ್

ಬೇರೆಯವರ ಮನೆಯಲ್ಲಿ ಮಿಕ್ಸಿ ಕೆಡುತ್ತದೆ, ಗೀಸರ್ ಕೆಡುತ್ತದೆ. ಸಹಕಾರನಗರದ ನಮ್ಮ ಮನೆಯಲ್ಲಿ ಮಾತ್ರ ದಿನ ಬಿಟ್ಟು ದಿನ ರೈಲು ಕೆಡುತ್ತದೆ. ಕೆಟ್ಟಾಗಲೆಲ್ಲ ತಾರೀಖು, ಕಾರಣ ಬರೆದಿಡುವುದು ನನ್ನ ಅಭ್ಯಾಸ. ಬಿ.ಎಸ್ಸಿ. ಓದಿದವಳು ನಾನು, ಯಾವುದನ್ನೂ ಅಂದಾಜಿನ ಮೇಲೆ ಹೇಳುವುದಿಲ್ಲ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಕಂಪ್ಯೂಟರ್‌ನಲ್ಲಿ ರೈಲು ಓಡಿಸುವ ಆಟ ಹಿಡಿದರು. ಯಲಹಂಕ ಸ್ಟೇಷನ್ನನ್ನು ತಾವೇ ಅದರೊಳಗೆ ಕಟ್ಟಿದರು. ಅವರದು ಒಂದೇ ಆಸೆ: ಪ್ಲಾಟ್‌ಫಾರಂನಲ್ಲಿ ಬೋಗಿಗಳು ನಿಂತಿರಬೇಕು, ಕಂಪ್ಯೂಟರೇ ನಡೆಸುವ ಎಂಜಿನ್ ತಾನಾಗಿ ಬಂದು ಸೇರಿಕೊಳ್ಳಬೇಕು, ಆಮೇಲೆ ಇವರು ಹತ್ತಿ ರಾಜಾನುಕುಂಟೆವರೆಗೆ ಓಡಿಸಬೇಕು.

ಸೊಸೆಯ ಆಸೆ ಬೇರೆ. ಹಾಲ್‌ನಲ್ಲಿ ಕಂಪ್ಯೂಟರ್ ಮೇಜು ಇರುವ ಜಾಗಕ್ಕೆ ದಿವಾನ್ ಕಾಟ್ ಬರಬೇಕು. ಕೊನೆಗೆ ಒಪ್ಪಂದವಾಯಿತು. ಭಾನುವಾರ ಅವಳ ಅಪ್ಪ ಅಮ್ಮ ಬಂದಾಗ ಎಲ್ಲರೆದುರು ಎಂಜಿನ್ ಸೇರಿಕೊಂಡರೆ ಮೇಜು ಹಾಲ್‌ನಲ್ಲಿ. ಇಲ್ಲದಿದ್ದರೆ ಹಿಂದುಗಡೆ, ವಾಷಿಂಗ್ ಮೆಷೀನ್ ಪಕ್ಕದಲ್ಲಿ.

ಕೆಂಪು ದೀಪ

ಸೋಮವಾರ ಎಂಜಿನ್ ಬೋಗಿಗಳಿಂದ ಅಷ್ಟು ದೂರದಲ್ಲೇ ನಿಂತುಬಿಟ್ಟಿತು. ಯಜಮಾನರು, "ಬಾರೋ ಮಗಾ, ಬಾ" ಎಂದು ಕರೆದೇ ಕರೆದರು.

"ರೀ, ಕೆಂಪು ದೀಪ ಇದೆ ನೋಡಿ. ಆ ಲೈನಿನಲ್ಲಿ ರೈಲು ನಿಂತಿದೆಯಲ್ಲ, ಅದಕ್ಕೆ."

"ನಿಂತಿರೋದು ನಮ್ಮ ರೈಲೇ ಕಣೇ. ಅದನ್ನ ಸೇರೋಕೇ ಬರ್ತಿರೋದು."

"ಅದು ದೀಪಕ್ಕೆ ಹೇಗ್ರೀ ಗೊತ್ತಾಗ್ಬೇಕು?"

ಮಗ ಆ ಕಡೆ ಹಾದುಹೋಗುವಾಗ ನೋಡಿ ಹೇಳಿದ, "ಬಿಡಮ್ಮ, ಹೆಬ್ಬಾಳದಿಂದ ಯಲಹಂಕದವರೆಗೆ ಕೆಂಪು ದೀಪಕ್ಕೆ ಮರ್ಯಾದೆ ಕೊಡೋದು ಇದೊಂದೇ ಗಾಡಿ."

ಬ್ರೇಕು

ಬುಧವಾರದ ಹೊತ್ತಿಗೆ ಇವರು ಏನೋ ತಿದ್ದಿ ದೀಪ ಹಸಿರಾಗಿಸಿದ್ದರು. ಎಂಜಿನ್ ಬಂತು, ಆದರೆ ಬಂದ ರಭಸಕ್ಕೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಯಜಮಾನರು ಗಾಬರಿಯಲ್ಲಿ ಮೇಜಿನ ಕೆಳಗೆ ಕಾಲಿನಿಂದ ಬ್ರೇಕ್ ಒತ್ತಿದರು. ಅಲ್ಲಿ ಇದ್ದದ್ದು ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್. ಕಂಪ್ಯೂಟರ್ ಜೊತೆಗೆ ಮನೆಯ ಇಂಟರ್ನೆಟ್ಟೂ ಆರಿತು.

ರೂಮಿನಲ್ಲಿ ಆಫೀಸ್ ಮೀಟಿಂಗ್‌ನಲ್ಲಿದ್ದ ಸೊಸೆ ಹೆಡ್‌ಫೋನ್ ಕಿತ್ತುಕೊಂಡು ಬಂದಳು.

"ದೊಡ್ಡ ಅಪಘಾತ ತಪ್ಪಿಸ್ದೆ ಕಣಮ್ಮ," ಎಂದರು ಇವರು.

"ಮಾವ, ನನ್ನ ಮೀಟಿಂಗಲ್ಲಿ ಮ್ಯಾನೇಜರ್ ಇದ್ರು. ನಿಮ್ಮ ರೈಲಲ್ಲಿ ಯಾರಿದ್ರು?"

ಮಾಯವಾದ ರೈಲು

ಶುಕ್ರವಾರ ಎಂಜಿನ್ ಮೆಲ್ಲಗೆ ಬಂದು ಹೂವಿನಂತೆ ಸೇರಿಕೊಂಡಿತು. ನಾನು ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ತಂದೆ. ಅಷ್ಟರಲ್ಲಿ ಎಂಜಿನ್ ಇವರಿಗಾಗಿ ಕಾಯದೆ ಬೋಗಿಗಳನ್ನು ಎಳೆದುಕೊಂಡು ಹೊರಟೇಹೋಗಿತ್ತು. ಅಲ್ಲೇ ನಿಲ್ಲು ಎಂದು ಅದಕ್ಕೆ ಹೇಳುವುದನ್ನು ಇವರು ಮರೆತಿದ್ದರು. ದಾರಿ ಮುಗಿದ ಮೇಲೆ ಆ ಆಟದಲ್ಲಿ ರೈಲು ಪರದೆಯಿಂದಲೇ ಮಾಯವಾಗುತ್ತದಂತೆ.

ಇವರು ದುಃಖ ತಡೆಯಲಾರದೆ ವಿದ್ಯಾರಣ್ಯಪುರದ ಗೆಳೆಯರೊಬ್ಬರಿಗೆ ಫೋನ್ ಮಾಡಿದರು. "ಯಲಹಂಕದಲ್ಲಿ ನನ್ನ ಬಿಟ್ಟು ರೈಲು ಹೊರಟೋಯ್ತು ಗುರು," ಎಂದಷ್ಟೇ ಹೇಳಿ ಇಟ್ಟರು.

ಸ್ವಲ್ಪ ಹೊತ್ತಿಗೆ ಗೆಳೆಯರ ಫೋನ್. "ಸ್ಕೂಟರ್ ತಂದಿದೀನಿ. ಸ್ಟೇಷನ್ ಬಾಗಿಲಲ್ಲೇ ಇದೀನಿ. ಎಲ್ಲಿದೀಯೋ?"

"ಮನೇಲಿ ಕಣೋ, ಕಾಫಿ ಕುಡೀತಿದೀನಿ."

ಆ ಗೆಳೆಯರು ಇನ್ನೂ ನಮ್ಮ ಫೋನ್ ಎತ್ತುತ್ತಿಲ್ಲ.

ಭಾನುವಾರ

ಬೆಳಿಗ್ಗೆಯೇ ನಾನು ಎಚ್ಚರಿಸಿದ್ದೆ, "ಸಂಜೆ ರಾಹುಕಾಲದಲ್ಲಿ ಎಂಜಿನ್ ಸೇರಿಸೋಕೆ ಹೋಗ್ಬೇಡಿ." ನಾನು ರಾಹುಕಾಲ ನಂಬುವವಳಲ್ಲ. ಸುಮ್ಮನೆ ನೋಡಿಕೊಳ್ಳುತ್ತೇನೆ, ಅಷ್ಟೆ.

ಸಂಜೆ ಬೀಗರು, ಬೀಗಿತ್ತಿ ಬಂದು ಕುರ್ಚಿ ಹಾಕಿಕೊಂಡು ಕೂತರು. ಅವರಿಗೆ ಪೂರ್ತಿ ತೋರಿಸುವ ಉತ್ಸಾಹದಲ್ಲಿ ಯಜಮಾನರು ನನ್ನ ಮಾತು ಮರೆತು ಆಟ ಶುರು ಮಾಡಿಯೇಬಿಟ್ಟರು. ದೀಪ ಹಸಿರು. ಎಂಜಿನ್ ಮಾತ್ರ ಕದಲಲಿಲ್ಲ. ಚೌಚೌ ಬಾತ್ ಮುಗಿಯಿತು, ಕಾಫಿ ಮುಗಿಯಿತು. ಬೀಗರು ಸಂಕೋಚದಿಂದ, "ನಿಂತಿರೋದು ಕೂಡ ಥೇಟ್ ನಿಜವಾದ ರೈಲಿನ ಹಾಗೇ ಇದೆ," ಎಂದರು. ಸೊಸೆ ಟೇಪ್ ಹಿಡಿದು ದಿವಾನ್ ಕಾಟಿಗೆ ಜಾಗದ ಅಳತೆ ತೆಗೆದಳು. ಇವರ ಮುಖ ನೋಡಲಾಗಲಿಲ್ಲ.

"ಆಯ್ತು, ಎತ್ತಿ," ಎಂದರು ಕೊನೆಗೆ.

ಬೀಗಿತ್ತಿ ತಡೆದರು. "ರಾಹುಕಾಲದಲ್ಲಿ ಮೇಜು ಕದಲಿಸ್ಬೇಡಿ. ಆರು ಗಂಟೆ ಆಗ್ಲಿ."

ಆರು ಹೊಡೆಯಿತು. ಬೀಗರು ಒಂದು ಕಡೆ, ಮಗ ಒಂದು ಕಡೆ, ಕಂಪ್ಯೂಟರ್ ಸಮೇತ ಮೇಜು ಎತ್ತಿದರು. ಅದೇ ಕ್ಷಣ ಮೇಜಿನ ಮೇಲಿಂದ ಹಾರ್ನ್ ಕೇಳಿತು. ಎಂಜಿನ್ ಹೊರಟಿತು.

"ಅಯ್ಯೋ," ಎಂದು ಯಜಮಾನರು ಹಣೆ ಚಚ್ಚಿಕೊಂಡರು. "ನೀನು ಹೇಳ್ದೆ ಅಂತ ಬೆಳಿಗ್ಗೆ ನಾನೇ ಎಂಜಿನ್‌ಗೆ ಆರು ಗಂಟೆ ಟೈಮ್ ಕೊಟ್ಟಿದ್ದೆ. ಮರ್ತೇಬಿಟ್ಟೆ."

"ಯಾರೂ ಅಲ್ಲಾಡ್ಬೇಡಿ, ವೈರ್ ಕಿತ್ಕೊಂಡ್ ಬರುತ್ತೆ," ಎಂದು ಕೂಗಿದ್ದು ಸೊಸೆ. ಟೇಪ್ ಬಿಸಾಕಿ ಪರದೆಗೆ ಮೂಗು ತಾಗಿಸಿ ನಿಂತಿದ್ದಳು. "ಬಂತು, ಬಂತು, ಮೆಲ್ಲಗೆ..."

ಠಕ್. ಸೇರಿಕೊಂಡಿತು, ನಿಂತಿತು. ಬೀಗಿತ್ತಿ ತಟ್ಟೆ ಬಡಿದು ಸಂಭ್ರಮಿಸಿದರು.

"ಮೇಜು ಇಲ್ಲೇ ಇರ್ಲಿ," ಎಂದಳು ಸೊಸೆ. "ಮಾವ, ಸ್ವಲ್ಪ ಸರೀರಿ. ಇವತ್ತು ನಾನ್ ಓಡಿಸ್ತೀನಿ."

ರೈಲು ಹೊರಟಿತು. ಎತ್ತಿ ಹಿಡಿದ ಮೇಜಿನ ಎರಡೂ ತುದಿಯಲ್ಲಿ ಕೈಗಳು ನಡುಗುತ್ತಿದ್ದವು.

"ಮಗಳೇ," ಎಂದರು ಬೀಗರು, "ನಾವು ಇಳಿಸ್ಬಹುದಾ?"

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಇರಪ್ಪ, ರಾಜಾನುಕುಂಟೆ ಬರ್ಲಿ."